ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು

ಸಿಡಿ ಹಾಕಿ ಅರ್ಧ ನಿಮಿಷ ಆಗಿರಲಿಲ್ಲ, ಏನೋ ಎಡವಟ್ಟಾಗಿದೆ ಅನ್ನಿಸಿತು. ಸಂಗೀತ ನನಗೆ ಗೊತ್ತಿರೋದೇ. ಒಂದೊಂದು ತಿರುವೂ ಬಾಯಿಪಾಠ. ಆದರೆ ಎಲ್ಲವೂ ಸ್ವಲ್ಪ ಕೆಳಗಿತ್ತು, ಸ್ವಲ್ಪ ನಿಧಾನವಾಗಿತ್ತು. ಪರಿಚಯದವರೊಬ್ಬರು ನೆಗಡಿ ಆದ ಗಂಟಲಲ್ಲಿ ಮಾತಾಡಿದ ಹಾಗೆ. ಮರುಬಿಡುಗಡೆ ಮಾಡುವಾಗ ಯಾರೋ ಟೇಪನ್ನು ತಪ್ಪು ವೇಗದಲ್ಲಿ ಓಡಿಸಿದ್ದಾರೆ, ಅಷ್ಟು ದೊಡ್ಡ ಕಂಪನಿ, ಇಷ್ಟೂ ನೋಡಬಾರದಾ ಅಂತ ಒಳಗೊಳಗೇ ಬೈದುಕೊಂಡೆ.

ಬೈದಿದ್ದು ತಪ್ಪು ವಿಳಾಸಕ್ಕೆ ಅಂತ ತಿಳಿಯಲು ಒಂದು ದಿನ ಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಸಿಡಿ ಬಂದಿದ್ದು ತಂಗಿಯ ಮಗನ ಕೈಲಿ. ಹೋದ ತಿಂಗಳು ನ್ಯೂಜೆರ್ಸಿಯಿಂದ ಬರುವಾಗ ನನಗೆ ಅಂತ ಒಂದು ಪೆಟ್ಟಿಗೆ ತಂದಿದ್ದ. ಮಹಾವಿಷ್ಣು ಆರ್ಕೆಸ್ಟ್ರಾ ಅನ್ನೋ ಬ್ಯಾಂಡು ಎಪ್ಪತ್ತರ ದಶಕದಲ್ಲಿ ಕೊಲಂಬಿಯಾ ಕಂಪನಿಗೆ ಮಾಡಿಕೊಟ್ಟ ಆಲ್ಬಮ್‌ಗಳನ್ನೆಲ್ಲ ಒಟ್ಟು ಕಟ್ಟಿ 2011ರಲ್ಲಿ ಹೊರತಂದ ಪೆಟ್ಟಿಗೆ. ಸೆಕೆಂಡ್ ಹ್ಯಾಂಡ್ ಮಾಲು, ಒಂದು ಮೂಲೆ ಜಜ್ಜಿತ್ತು. "ಮಾವ, ಇದೆಲ್ಲ ಫೋನಲ್ಲೇ ಸಿಗುತ್ತಲ್ಲ" ಅಂದ. ಸಿಗುತ್ತಪ್ಪ. ಗೊತ್ತು. ಆದರೂ ಬೇಕಿತ್ತು.

ಪೆಟ್ಟಿಗೆಯಲ್ಲಿ ನಾನು ಮೊದಲು ಹುಡುಕಿದ್ದು 'ಬಿಟ್ವೀನ್ ನಥಿಂಗ್‌ನೆಸ್ ಅಂಡ್ ಇಟರ್ನಿಟಿ'. 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನುಡಿಸಿದ್ದು. ಚಳಿಗಾಲದಲ್ಲಿ ಐಸ್ ಮೇಲೆ ಜಾರುವ ಆಟಕ್ಕೆ ಇಟ್ಟಿರೋ ಅಂಗಳ ಅದು, ವೊಲ್‌ಮನ್ ರಿಂಕ್ ಅಂತ. ಬೇಸಿಗೆಯಲ್ಲಿ ಅಲ್ಲೇ ಸಂಗೀತೋತ್ಸವ ನಡೆಯುತ್ತಿತ್ತು. ಸುತ್ತ ಮರ, ಮೇಲೆ ಆಕಾಶ. ವೇದಿಕೆ ಮೇಲೆ ಐದು ಜನ. ಗಿಟಾರ್ ಜಾನ್ ಮೆಕ್‌ಲಾಫ್ಲಿನ್, ಇಂಗ್ಲೆಂಡಿನ ಯಾರ್ಕ್‌ಷೈರಿನವನು. ಡ್ರಮ್ಸ್ ಬಿಲ್ಲಿ ಕಾಬಮ್, ಹುಟ್ಟಿದ್ದು ಪನಾಮಾದಲ್ಲಿ. ಕೀಬೋರ್ಡ್ ಯಾನ್ ಹ್ಯಾಮರ್, ಪ್ರಾಗ್ ನಗರದವನು. ಬೇಸ್ ಗಿಟಾರ್ ಐರ್ಲೆಂಡಿನ ರಿಕ್ ಲೇರ್ಡ್. ಇವರ ಜತೆ ಷಿಕಾಗೋದ ಜೆರ್ರಿ ಗುಡ್‌ಮನ್. ಪಿಟೀಲು.

ನಾನು ಈ ಬ್ಯಾಂಡಿಗೆ ಬಿದ್ದದ್ದೇ ಆ ಪಿಟೀಲಿನಿಂದ. ಗಿಟಾರಿನಿಂದ ಅಲ್ಲ. ಇದನ್ನು ಹೇಳಿದರೆ ರಾಕ್ ಕೇಳೋ ಗೆಳೆಯರು ಇವತ್ತಿಗೂ ನನ್ನನ್ನು ಒಂಥರಾ ನೋಡುತ್ತಾರೆ.

1993ರಲ್ಲಿ ನನಗೆ ಹದಿನೆಂಟು. ಮೈಸೂರಿನಲ್ಲಿ ಡಿಗ್ರಿ ಮೊದಲ ವರ್ಷ. ಗೆಳೆಯನ ಅಣ್ಣನೊಬ್ಬ ಹಡಗಿನಲ್ಲಿ ಕೆಲಸಕ್ಕಿದ್ದ. ಅವನ ರೂಮಲ್ಲಿ ಎಲ್‌ಪಿ ಪ್ಲೇಯರ್ ಇತ್ತು, ಅದಕ್ಕೆ ಜೋಡಿಸಿದ ಒಳ್ಳೇ ಡೆಕ್ಕೂ ಇತ್ತು. ಖಾಲಿ ಕ್ಯಾಸೆಟ್ ತಂದರೆ ಏನು ಬೇಕಾದರೂ ತುಂಬಿಕೊಡುತ್ತೇನೆ ಅಂದಿದ್ದ. ಖಾಲಿ ಕ್ಯಾಸೆಟ್ಟಿಗೆ ನನ್ನ ಹತ್ತಿರ ದುಡ್ಡಿರಲಿಲ್ಲ. ಅಪ್ಪನ ಬೀರುವಿನಲ್ಲಿ ಒಂದು ತೊಂಬತ್ತು ನಿಮಿಷದ ಕ್ಯಾಸೆಟ್ ಸಿಕ್ಕಿತು. ಅದರ ಒಂದು ಮಗ್ಗುಲಲ್ಲಿ ಅಪ್ಪನ ಅಕ್ಷರದಲ್ಲಿ 'ಚೌಡಯ್ಯ, ರೇಡಿಯೋ' ಅಂತಿತ್ತು. ಇನ್ನೊಂದು ಮಗ್ಗುಲು ಖಾಲಿ. ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಈ ಆಲ್ಬಮ್ ಹತ್ತಿರ ಹತ್ತಿರ ನಲವತ್ತೆರಡು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಎಲ್‌ಪಿಯಲ್ಲಿ ಕೇಳುವವರು ಮಧ್ಯೆ ಎದ್ದು ತಟ್ಟೆ ತಿರುಗಿಸಬೇಕಿತ್ತು. ನನಗೆ ಆ ಕಷ್ಟ ಇರಲಿಲ್ಲ. ಒಂದೇ ಉಸಿರಿಗೆ ಮೂರೂ ಹಾಡು. 'ಟ್ರಿಲಜಿ' ಹನ್ನೆರಡು ನಿಮಿಷ, 'ಸಿಸ್ಟರ್ ಆಂಡ್ರಿಯಾ' ಎಂಟು ಚಿಲ್ಲರೆ, ಆಮೇಲೆ 'ಡ್ರೀಮ್', ಅದೊಂದೇ ಇಪ್ಪತ್ತೊಂದು ನಿಮಿಷದ ಮೇಲೆ. ಹಾಡು ಅನ್ನೋದು ಬಾಯಿಮಾತಿಗೆ. ಹಾಡೋರು ಯಾರೂ ಇಲ್ಲ.

ಕ್ಯಾಸೆಟ್ಟಿನ ಮೇಲೆ ನಾನು 'ಮಹಾವಿಷ್ಣು' ಅಂತ ಕನ್ನಡದಲ್ಲಿ ಬರೆದೆ. ಅದು ನಾನು ಮಾಡಿದ ತಪ್ಪು. ಒಂದು ಶನಿವಾರ ಬೆಳಿಗ್ಗೆ ಅಜ್ಜಿ ಸಹಸ್ರನಾಮ ಇರಬೇಕು ಅಂತ ಅದನ್ನು ಹಾಕಿ ದೇವರ ಮುಂದೆ ಕೂತಿದ್ದಾರೆ. ಸ್ವಲ್ಪ ಹೊತ್ತು ತಾಳ್ಮೆಯಿಂದ ಕಾದರಂತೆ. ಕಾಬಮ್ ಡ್ರಮ್ಸ್ ಶುರು ಮಾಡಿದ ಮೇಲೆ ಅಡುಗೆಮನೆಗೆ ಬಂದು ಅಮ್ಮನಿಗೆ, "ಆ ಪೆಟ್ಟಿಗೆ ಕೆಟ್ಟಿದೆ ನೋಡೇ, ಒಳಗೆ ಏನೋ ಉರುಳಾಡ್ತಿದೆ" ಅಂದರಂತೆ.

ಬ್ಯಾಂಡಿಗೆ ಆ ಹೆಸರು ಬಂದಿದ್ದು ಮೆಕ್‌ಲಾಫ್ಲಿನ್‌ನ ಗುರು ಶ್ರೀ ಚಿನ್ಮೊಯ್ ಅವರಿಂದ. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಬಂಗಾಳಿ ಅವರು. ಶಿಷ್ಯನಿಗೆ ಮಹಾವಿಷ್ಣು ಅಂತ ಹೆಸರಿಟ್ಟರು, ಅವನು ಬ್ಯಾಂಡಿಗೂ ಅದನ್ನೇ ಇಟ್ಟ. ಬಿಳಿ ಬಟ್ಟೆ, ಕತ್ತರಿಸಿದ ಕೂದಲು, ಕೈಯಲ್ಲಿ ಎರಡು ಕುತ್ತಿಗೆಯ ಗಿಟಾರ್. ಒಂದು ಕುತ್ತಿಗೆಗೆ ಆರು ತಂತಿ, ಇನ್ನೊಂದಕ್ಕೆ ಹನ್ನೆರಡು. ಉಳಿದ ನಾಲ್ವರಿಗೆ ಈ ಗುರುವಿನ ಮೇಲೆ ಅಂಥ ಭಕ್ತಿ ಇರಲಿಲ್ಲ. ಮುಂದಿನ ಜಗಳಕ್ಕೆ ಅದೂ ಒಂದು ಕಾರಣ.

ಪಿಟೀಲು ಬೇಕೇ ಬೇಕು ಅಂತ ಮೆಕ್‌ಲಾಫ್ಲಿನ್ ಮೊದಲಿನಿಂದ ಹಟ ಹಿಡಿದಿದ್ದ. ಅವನ ತಾಯಿ ಪಿಟೀಲು ನುಡಿಸುತ್ತಿದ್ದವರು. ಮೊದಲು ಅವನ ಮನಸ್ಸಿನಲ್ಲಿದ್ದದ್ದು ಫ್ರಾನ್ಸಿನ ಜಾನ್-ಲುಕ್ ಪಾಂಟಿ. ಅಮೆರಿಕದ ವಲಸೆ ಕಾಗದಪತ್ರದ ತೊಡಕಿನಿಂದ ಅದು ಆಗಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕವನು ಗುಡ್‌ಮನ್. ಷಿಕಾಗೋದ 'ದಿ ಫ್ಲಾಕ್' ಅನ್ನೋ ರಾಕ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದ. ಪಾಂಟಿ ಆಮೇಲೆ 1974ರಲ್ಲಿ, ಮೊದಲ ಬ್ಯಾಂಡು ಒಡೆದು ಎರಡನೇದು ಕಟ್ಟಿದಾಗ ಬಂದ. ಅವನದು ಶುದ್ಧವಾದ ಕೈ. ಒಂದು ಸ್ವರವೂ ಕೊಳೆಯಾಗುವುದಿಲ್ಲ. ನನಗೆ ಮಾತ್ರ ಗುಡ್‌ಮನ್‌ನ ಕೊಳೆಯೇ ಇಷ್ಟ. ಕಮಾನು ತಂತಿಯನ್ನು ಉಜ್ಜುವ ಸದ್ದು ಅವನಲ್ಲಿ ಕೇಳಿಸುತ್ತದೆ. ಕಬ್ಬು ಸುಲಿಯುವಾಗ ಬರುವಂಥ ಸದ್ದು.

ಈಗ ಚೌಡಯ್ಯನವರ ವಿಷಯಕ್ಕೆ ಬರಬೇಕು. ಅವರಿಲ್ಲದೆ ನನಗೆ ಈ ಆಲ್ಬಮ್ ಹೀಗೆ ಕೇಳಿಸುತ್ತಲೇ ಇರಲಿಲ್ಲ.

ತಿರುಮಕೂಡಲು ಚೌಡಯ್ಯ ಹುಟ್ಟಿದ್ದು 1895ರಲ್ಲಿ, ಕಾವೇರಿ ಕಪಿಲೆ ಕೂಡುವ ಕಡೆ. ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಅವರ ಕಾಲದಲ್ಲಿ ಕಛೇರಿಗೆ ಮೈಕ್ ಇರಲಿಲ್ಲ. ಹಾಡುವವರು ಗಂಟಲು ತೆರೆದು ಹಾಡುತ್ತಿದ್ದರು, ಮೃದಂಗ ತಾನೇ ಕೇಳಿಸುತ್ತಿತ್ತು. ಪಿಟೀಲಿನವರ ಪಾಡು ಕಷ್ಟ. ನಾಲ್ಕನೇ ಸಾಲಿನ ಹಿಂದೆ ಕೂತವರಿಗೆ ಕಮಾನು ಆಡೋದು ಕಾಣುತ್ತಿತ್ತು, ಸದ್ದು ತಲುಪುತ್ತಿರಲಿಲ್ಲ. ಚೌಡಯ್ಯ 1927ರ ಹೊತ್ತಿಗೆ ಪಿಟೀಲಿನ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿಯುವಂತೆ ಜೋಡಿ ತಂತಿ. ಹಿಂದಿನ ಸಾಲಿಗೂ ಕೇಳಲಿ ಅಂತ.

ಅಪ್ಪ ಚಿಕ್ಕವರಿದ್ದಾಗ ರಾಮನವಮಿಗೆ ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಅವರನ್ನು ಕೇಳಿದ್ದರು. ಏನು ನುಡಿಸಿದರು ಅಂತ ಅಪ್ಪನಿಗೆ ನೆನಪಿಲ್ಲ. ಕಂಬದ ಹಿಂದೆ ಕೂತಿದ್ದೆ, ಆದರೂ ಎದೆಗೆ ಬಂದು ತಾಗುತ್ತಿತ್ತು ಅನ್ನುತ್ತಾರೆ. ಇಬ್ಬರು ಒಟ್ಟಿಗೆ ನುಡಿಸಿದ ಹಾಗಿತ್ತಂತೆ.

ಇನ್ನು ಮೆಕ್‌ಲಾಫ್ಲಿನ್‌ನ ಹನ್ನೆರಡು ತಂತಿಯ ಕುತ್ತಿಗೆ ನೋಡಿ. ಅಲ್ಲೂ ತಂತಿಗಳು ಜೋಡಿ ಜೋಡಿ. ಹೆಚ್ಚಿನ ಜೋಡಿಗಳಲ್ಲಿ ಒಂದು ಕೆಳಗಿನ ಸ್ಥಾಯಿ, ಇನ್ನೊಂದು ಮೇಲಿನದು. ನುಡಿಸೋನು ಒಬ್ಬ, ಕೇಳಿಸೋದು ಇಬ್ಬರು. ಒಬ್ಬರಿಂದ ಒಬ್ಬರು ಕಲಿತದ್ದಲ್ಲ ಇದು. ಹನ್ನೆರಡು ತಂತಿಯ ಗಿಟಾರಿಗೆ ಅದರದೇ ಹಳೇ ಚರಿತ್ರೆ ಇದೆ. ಕ್ಯಾಸೆಟ್ ಮಾತ್ರ ಇಬ್ಬರನ್ನೂ ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿತ್ತು. ನಾನು ಈ ಮಗ್ಗುಲು ಮುಗಿಸಿ ಆ ಮಗ್ಗುಲು ಹಾಕುತ್ತಿದ್ದೆ, ಅಷ್ಟೇ.

ಗುಡ್‌ಮನ್‌ಗೆ ಮೈಕ್ ಇತ್ತು, ಆಂಪ್ಲಿಫೈಯರ್ ಇತ್ತು. ಆದರೂ ಕಷ್ಟ ಅದೇ. ಅವನ ಎದುರಿಗೆ ಕಾಬಮ್ ಇದ್ದ. ಕಾಲಿಗೆ ಎರಡು ದೊಡ್ಡ ಡ್ರಮ್ಮು, ಸುತ್ತ ಒಂದು ಪಾತ್ರೆ ಅಂಗಡಿ. ಗಿಟಾರಿನ ಆಂಪ್ಲಿಫೈಯರ್ ಕಿವಿ ಕಿತ್ತುಹೋಗುವಷ್ಟು ಜೋರು. ಇವರ ಮಧ್ಯೆ ಪಿಟೀಲು ಕೇಳಬೇಕಾದರೆ ಗುಡ್‌ಮನ್ ಸೌಮ್ಯವಾಗಿ ನುಡಿಸಿದರೆ ಆಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಮಾಡಿದ ಮೊದಲ ಎರಡು ಆಲ್ಬಮ್‌ಗಳಲ್ಲಿ, 1971ರ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್' ಮತ್ತು 1973ರ 'ಬರ್ಡ್ಸ್ ಆಫ್ ಫೈರ್'ನಲ್ಲಿ, ಅವನ ಪಿಟೀಲಿಗೆ ಜಾಗ ಮಾಡಿಕೊಟ್ಟಿದ್ದಾರೆ. ಅಲ್ಲಿ ಅದು ಮನೆಮಗ. ಪಾರ್ಕಿನಲ್ಲಿ ಜಾಗ ಯಾರೂ ಕೊಡಲ್ಲ. ಸಂತೆಯಲ್ಲಿ ಕೂಗಿ ಕೂಗಿ ಮಾರಬೇಕು.

ಅದಕ್ಕೇ ಈ ಲೈವ್ ಆಲ್ಬಮ್ ನನಗೆ ಸ್ಟುಡಿಯೋದವುಗಳಿಗಿಂತ ಒಂದು ಕೈ ಮೇಲು. ಬರೆಯೋರು ಸಾಮಾನ್ಯವಾಗಿ ಅವೆರಡನ್ನೇ ಹೊಗಳುತ್ತಾರೆ, ಇದನ್ನು ಮೂರನೇದು ಅಂತ ಪಕ್ಕಕ್ಕಿಡುತ್ತಾರೆ. ಸಂಯೋಜನೆ ಲೆಕ್ಕಕ್ಕೆ ತಗೊಂಡರೆ ಅವರು ಹೇಳೋದು ಸರಿಯೇ. ಆದರೆ ಒಂದು ಪಿಟೀಲು ತನಗಿಂತ ಹತ್ತು ಪಟ್ಟು ಜೋರಿನವರ ಮಧ್ಯೆ ನಿಂತು ಏನಾಗುತ್ತದೆ ಅನ್ನೋದು ಇಲ್ಲಿ ಮಾತ್ರ ಇದೆ. ಕೆಲವು ಕಡೆ ಅದು ಸೋಲುತ್ತದೆ. ಸೋಲುವುದೂ ಕೇಳಿಸುತ್ತದೆ.

'ಟ್ರಿಲಜಿ'ಯ ಮೂರು ಭಾಗದಲ್ಲಿ ನಡುವಿನದಕ್ಕೆ 'ಲಾ ಮೆರೆದ್ ಲಾ ಮೆರ್' ಅಂತ ಹೆಸರು. ಇದು ನಿಧಾನ. ಇದರ ಮುಂದಿನ ಭಾಗ ಓಟದ ಭಾಗ, ಅದಕ್ಕೆ ಮುಂಚೆ ಸ್ವಲ್ಪ ನೆರಳು. ಪಿಟೀಲು ಉದ್ದ ಉದ್ದ ಸ್ವರ ಎಳೆಯುತ್ತದೆ. ನಮ್ಮ ಕಿವಿಗೆ ಇಲ್ಲಿ ಒಂದು ಚಡಪಡಿಕೆ ಶುರುವಾಗುತ್ತದೆ. ಸ್ವರ ಬಂದು ನಿಂತಿತು, ಈಗ ಅಲ್ಲಾಡಬೇಕು, ಒಂದು ಗಮಕ ಬರಬೇಕು ಅಂತ ಕಾಯುತ್ತೇವೆ. ಬರುವುದಿಲ್ಲ. ನೇರವಾಗಿ ನಿಂತೇ ಇರುತ್ತದೆ, ಸಣ್ಣಗೆ ನಡುಗುತ್ತಾ. ಹದಿನೆಂಟರಲ್ಲಿ ಇದು ನನಗೆ ಅರೆಬೆಂದದ್ದು ಅನ್ನಿಸಿತ್ತು. ಈಗ ಹಾಗನ್ನಿಸಲ್ಲ. ಅಲ್ಲಾಡದೆ ನಿಲ್ಲೋದೂ ಒಂದು ಕಷ್ಟದ ಕೆಲಸ.

ಗಮಕ ಅಂದ ಮೇಲೆ ನನ್ನ ಒಂದು ಪೆದ್ದುತನ ಒಪ್ಪಿಕೊಳ್ಳಬೇಕು. 'ಸಿಸ್ಟರ್ ಆಂಡ್ರಿಯಾ'ದಲ್ಲಿ ಒಂದು ಕಡೆ ಸ್ವರಗಳು ಬಾಗಿ ಬಾಗಿ ಬರುತ್ತವೆ. ಕೆಳಗಿನಿಂದ ಜಾರಿ ಮೇಲೆ ಹತ್ತುತ್ತವೆ, ಹತ್ತಿ ಒಲೆಯುತ್ತವೆ. ಇದನ್ನು ನಾನು ಇಷ್ಟು ವರ್ಷ ಪಿಟೀಲು ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಗೆಳೆಯರನ್ನು ಕೂರಿಸಿಕೊಂಡು, "ನೋಡ್ರೋ, ಷಿಕಾಗೋದವನು ಹೇಗೆ ಗಮಕ ಹಾಕ್ತಾನೆ" ಅಂತ ಭಾಷಣ ಬೇರೆ ಮಾಡಿದ್ದೆ. ಹೊಸ ಸಿಡಿಯಲ್ಲಿ ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಅದು ಪಿಟೀಲಲ್ಲ. ಯಾನ್ ಹ್ಯಾಮರ್‌ನ ಮಿನಿಮೂಗ್. ಕೀಬೋರ್ಡು!

ಮಿನಿಮೂಗ್ 1970ರಲ್ಲಿ ಬಂದ ವಾದ್ಯ. ಬಲಗೈ ಕೀಬೋರ್ಡಿನ ಮನೆಗಳ ಮೇಲೆ. ಎಡಗೈಗೆ ಒಂದು ಸಣ್ಣ ಚಕ್ರ. ಅದನ್ನು ಹಿಂದೆ ಮುಂದೆ ತಳ್ಳಿದರೆ ಸ್ವರ ಬಾಗುತ್ತದೆ. ಹ್ಯಾಮರ್ ಆ ಚಕ್ರ ಹಿಡಿದುಕೊಂಡು ಕೀಬೋರ್ಡನ್ನು ತಂತಿವಾದ್ಯ ಮಾಡಿಬಿಟ್ಟ. ನಮ್ಮಲ್ಲಿ ಆಕಾಶವಾಣಿಯವರು ಹಾರ್ಮೋನಿಯಂ ಅನ್ನು 1940ರಿಂದ 1971ರವರೆಗೆ ಒಳಗೇ ಬಿಟ್ಟಿರಲಿಲ್ಲ. ಮನೆಗಳ ವಾದ್ಯದಲ್ಲಿ ಗಮಕ ಬರಲ್ಲ ಅನ್ನೋದು ಅದಕ್ಕೆ ಕೊಟ್ಟ ಒಂದು ದೊಡ್ಡ ಕಾರಣ. ಅದರ ಸಿಟ್ಟು ತೀರಿಸಿಕೊಳ್ಳೋಕೆ ಹ್ಯಾಮರ್ ಹುಟ್ಟಿದ್ದ ಅನ್ನಿಸುತ್ತದೆ. ಈ ಮನುಷ್ಯ ಆಮೇಲೆ 'ಮಿಯಾಮಿ ವೈಸ್' ಟಿವಿ ಧಾರಾವಾಹಿಯ ಸಂಗೀತದಿಂದ ಜಗತ್ತಿಗೆಲ್ಲ ಗೊತ್ತಾದ. ಅದು ಬೇರೆ ಕಥೆ.

ಹಾಗಾದರೆ ಗುಡ್‌ಮನ್ ಎಲ್ಲಿ? ಅದನ್ನು ಹುಡುಕುವುದೇ ಈ ಒಂದು ತಿಂಗಳು ನನ್ನ ರಾತ್ರಿ ಕೆಲಸ ಆಯಿತು. ಎಷ್ಟೋ ಕಡೆ ಗಿಟಾರು, ಪಿಟೀಲು, ಮಿನಿಮೂಗ್ ಮೂರೂ ಒಂದೇ ಸಾಲನ್ನು ಒಂದೇ ವೇಗದಲ್ಲಿ ನುಡಿಸುತ್ತವೆ. ಮೂರು ಬಣ್ಣ ಕಲಸಿ ನಾಲ್ಕನೇದು ಆಗುತ್ತದೆ. ಹಳೇ ಕ್ಯಾಸೆಟ್ಟಿನಲ್ಲಿ ಅದು ಒಂದೇ ಗೋಡೆ. ಈಗ ಇಟ್ಟಿಗೆ ಕಾಣುತ್ತದೆ. ಹೆಡ್‌ಫೋನ್ ಹಾಕಿಕೊಂಡು ಒಂದೇ ಸಾಲನ್ನು ಆರೇಳು ಸಲ ಕೇಳಿದೆ. ಗಿಟಾರು ಸ್ವರದ ನೆತ್ತಿಗೆ ಹೊಡೆಯುತ್ತದೆ. ಪಿಟೀಲು ಅದಕ್ಕಿಂತ ಒಂದು ಕೂದಲೆಳೆ ತಡವಾಗಿ ಬರುತ್ತದೆ, ಯಾಕೆಂದರೆ ಕಮಾನು ತಂತಿಯನ್ನು ಹಿಡಿದು ಮಾತಾಡಿಸೋಕೆ ಅಷ್ಟು ಹೊತ್ತು ಬೇಕು. ಆ ಕೂದಲೆಳೆಯಿಂದಲೇ ಇಡೀ ಸಾಲಿಗೆ ಒಂದು ಉಸಿರು ಬರುತ್ತದೆ. ಪಿಟೀಲು ತೆಗೆದುಬಿಟ್ಟರೆ ಟೈಪ್‌ರೈಟರ್ ಆಗುತ್ತಿತ್ತು.

ನಮ್ಮ ಕಛೇರಿಯಲ್ಲಿ ಪಿಟೀಲು ಪಕ್ಕವಾದ್ಯ. ಹಾಡುವವರು ಒಂದು ಸಂಗತಿ, ಅಂದರೆ ಅದೇ ಸಾಲಿಗೆ ಒಂದು ಹೊಸ ತಿರುವು, ಹಾಕಿದರೆ ಅದರ ಬೆನ್ನಿಗೇ ಹೋಗಿ ಅದನ್ನು ಹಿಡಿಯಬೇಕು. ಅರ್ಧ ಹೆಜ್ಜೆ ಹಿಂದೆ ಇರೋದೇ ಅದರ ಮರ್ಯಾದೆ. ಇವರಲ್ಲಿ ಆ ಮರ್ಯಾದೆ ಇಲ್ಲ. ಒಬ್ಬ ಒಂದು ಮಾತು ಎಸೆಯುತ್ತಾನೆ, ಇನ್ನೊಬ್ಬ ಅದಕ್ಕೆ ತಿರುಗಿ ಎಸೆಯುತ್ತಾನೆ. ಮೊದಲು ಉದ್ದ ಮಾತು, ಬರಬರುತ್ತಾ ಚಿಕ್ಕದು, ಕೊನೆಗೆ ಬರೀ ಹೂಂ ಉಹೂಂ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದಲ್ಲಿ ಮೃದಂಗ ಘಟ ಮಾಡಿಕೊಳ್ಳುವ ಹಾಗೆ. ಲೆಕ್ಕವೂ ನಮ್ಮ ಕಿವಿಗೆ ಹೊಸದಲ್ಲ. ಮೆಕ್‌ಲಾಫ್ಲಿನ್ ನಮ್ಮ ತಾಳಗಳ ಬೆನ್ನು ಹತ್ತಿದ್ದವನು. 'ಬರ್ಡ್ಸ್ ಆಫ್ ಫೈರ್' ಹಾಡಿನ ಗಿಟಾರಿಗೆ ಹದಿನೆಂಟರ ಲೆಕ್ಕ. ಬಾಯಲ್ಲಿ ಹೇಳಿ ನೋಡಿ: ತಕತಕಿಟ, ತಕತಕಿಟ, ತಕತಕಿಟ, ತಕಿಟ. ಐದು, ಐದು, ಐದು, ಮೂರು. ಪಾಶ್ಚಾತ್ಯರು ಇದನ್ನು ಬರೆದು ವಿವರಿಸೋಕೆ ಪುಟಗಟ್ಟಲೆ ತಗೊಳ್ಳುತ್ತಾರೆ. ನಮ್ಮ ಬೀದಿ ಕೊನೇ ಮನೆಯ ಮೃದಂಗದ ಹುಡುಗ ಇದನ್ನು ಕೇಳಿ, "ಇಷ್ಟೇನಾ ಅಂಕಲ್?" ಅಂದ. ಇಷ್ಟೇ ಕಣಪ್ಪ. ಆದರೆ ಆ ವೇಗದಲ್ಲಿ, ಆ ಗದ್ದಲದಲ್ಲಿ ಹೇಳು ನೋಡೋಣ.

'ಡ್ರೀಮ್' ಬಗ್ಗೆ ನನಗೆ ಎರಡು ಮನಸ್ಸು. ಮೊದಲ ಆರೇಳು ನಿಮಿಷ ಈ ಬ್ಯಾಂಡು ಮಾಡಿದ್ದರಲ್ಲೇ ಒಳ್ಳೆಯದು. ಮೆಲ್ಲಗೆ, ಎಚ್ಚರವಾಗಿ, ಕತ್ತಲಲ್ಲಿ ಮೆಟ್ಟಿಲು ಇಳಿಯುವ ಹಾಗೆ ಶುರುವಾಗುತ್ತದೆ. ಒಬ್ಬೊಬ್ಬರೇ ಸೇರಿಕೊಳ್ಳುತ್ತಾರೆ. ಆಮೇಲೆ ಗಿಟಾರು ಡ್ರಮ್ಸ್ ಇಬ್ಬರೇ ನಿಂತು ಹೊಡೆದಾಡುವ ಭಾಗ ಬರುತ್ತದೆ. ಅಲ್ಲಿ ನನಗೆ ಬೇಜಾರಾಗುತ್ತದೆ. ವೇಗ ಇದೆ, ಬೆವರಿದೆ, ಜನ ಕೂಗುತ್ತಾರೆ. ಆದರೆ ಅದು ಹಬ್ಬದೂಟದಲ್ಲಿ ಏಳನೇ ಹೋಳಿಗೆ. ಪಿಟೀಲು ಆ ಹೊತ್ತಿನಲ್ಲಿ ಎಲ್ಲೋ ನಿಂತು ಕಾಯುತ್ತಿರುತ್ತದೆ. ನನಗೆ ಹದಿನೆಂಟರಲ್ಲಿ ಇದೇ ಭಾಗ ಪ್ರಾಣ ಆಗಿತ್ತು ಅನ್ನೋದನ್ನೂ ಹೇಳಿಬಿಡಬೇಕು.

ಇದೇ 'ಡ್ರೀಮ್' ಅನ್ನು ಅವರು ಎರಡು ತಿಂಗಳ ಹಿಂದೆ, 1973ರ ಜೂನ್‌ನಲ್ಲಿ, ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮುದ್ರಿಸಿದ್ದರು. ಅಲ್ಲಿ ಅದು ಹನ್ನೊಂದು ನಿಮಿಷ. ಪಾರ್ಕಿಗೆ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಎರಡರಷ್ಟಾಯಿತು. ಲೈವ್ ಆಲ್ಬಮ್ಮಿನ ಮೂರೂ ಹಾಡು ಆ ಸ್ಟುಡಿಯೋ ಟೇಪಿನಲ್ಲಿ ಇದ್ದವೇ. ಅದು ಮೂರನೇ ಸ್ಟುಡಿಯೋ ಆಲ್ಬಮ್ ಆಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಮನೆ ಒಡೆದಿತ್ತು. ಹ್ಯಾಮರ್, ಗುಡ್‌ಮನ್, ಲೇರ್ಡ್ ಮೂವರಿಗೂ ತಮ್ಮ ರಚನೆಗಳಿಗೂ ಜಾಗ ಬೇಕಿತ್ತು. ಮೊದಲೆರಡು ಆಲ್ಬಮ್‌ನಲ್ಲಿ ಎಲ್ಲವೂ ಮೆಕ್‌ಲಾಫ್ಲಿನ್ ಹೆಸರಿನಲ್ಲೇ ಇತ್ತು. ಲಂಡನ್ ಟೇಪಿನಲ್ಲಿ ಆ ಮೂವರದೂ ಒಂದೊಂದಿದೆ. ಪಾರ್ಕಿನ ಆಲ್ಬಮ್ಮಿಗೆ ಉಳಿದದ್ದು ಹ್ಯಾಮರ್‌ನ 'ಸಿಸ್ಟರ್ ಆಂಡ್ರಿಯಾ' ಒಂದೇ. ಅಸಮಾಧಾನ ಪತ್ರಿಕೆಯ ಸಂದರ್ಶನದವರೆಗೂ ಹೋಯಿತು. ಡಿಸೆಂಬರ್ ಕೊನೆಗೆ ಬ್ಯಾಂಡೇ ಮುಗಿಯಿತು. ಸ್ಟುಡಿಯೋ ಟೇಪಿನ ಬದಲು ಪಾರ್ಕಿನ ಕಛೇರಿಯನ್ನು ಆಲ್ಬಮ್ ಅಂತ ಹೊರತಂದರು. ಲಂಡನ್ನಿನ ಟೇಪು ಕಂಪನಿಯ ಉಗ್ರಾಣದಲ್ಲಿ ಮಲಗಿತ್ತು. 1999ರಲ್ಲಿ 'ದಿ ಲಾಸ್ಟ್ ಟ್ರೈಡೆಂಟ್ ಸೆಷನ್ಸ್' ಅಂತ ಹೊರಬಂತು.

ಈ ಜಗಳ ಗೊತ್ತಿದ್ದು ಕೇಳಿದರೆ ಪಾರ್ಕಿನ ಆಲ್ಬಮ್ ಬೇರೆಯೇ ಆಗುತ್ತದೆ. ವೇದಿಕೆಯಿಂದ ಇಳಿದ ಮೇಲೆ ಮಾತು ಕಹಿಯಾಗಿದ್ದವರು ವೇದಿಕೆ ಮೇಲೆ ಒಂದು ಸ್ವರವೂ ತಪ್ಪದೆ ಒಂದೇ ಸಾಲು ನುಡಿಸುತ್ತಿದ್ದಾರೆ. ಅಣ್ಣತಮ್ಮಂದಿರು ಆಸ್ತಿ ಭಾಗ ಮಾಡಿಕೊಳ್ಳುವ ವರ್ಷವೂ ಒಟ್ಟಿಗೇ ನಿಂತು ಕಣ ಮಾಡುತ್ತಾರಲ್ಲ, ಹಾಗೆ.

ಪೆಟ್ಟಿಗೆಯಲ್ಲಿ ಇನ್ನೊಂದು ತಟ್ಟೆ ಇದೆ. ಅದೇ ಪಾರ್ಕಿನಲ್ಲಿ ನುಡಿಸಿ, ಎಲ್‌ಪಿಯಲ್ಲಿ ಜಾಗ ಇಲ್ಲದೆ ಬಿಟ್ಟದ್ದು. ಹೆಚ್ಚಿನವು ಹಳೇ ಎರಡು ಆಲ್ಬಮ್ಮಿನ ಹಾಡುಗಳೇ, ಪಾರ್ಕಿನ ಗಾಳಿಯಲ್ಲಿ. ನನಗೆ ಗೊತ್ತಿದ್ದ ಆ ರಾತ್ರಿಗೆ ಇನ್ನೊಂದು ಕೋಣೆ ಇತ್ತು ಅಂತ ಈಗ ಗೊತ್ತಾಯಿತು. ಅದನ್ನಿನ್ನೂ ಅರಗಿಸಿಕೊಂಡಿಲ್ಲ. ನಾಲ್ಕು ಸಲ ಕೇಳಿದ್ದೇನೆ, ಸಾಲದು. ಅದರ ಬಗ್ಗೆ ಇನ್ನೊಮ್ಮೆ ಬರೆದೇನು.

ಈಗ ಆ ಶ್ರುತಿ ವಿಷಯ.

ನಮ್ಮ ಮನೆಯ ಟೇಪ್ ರೆಕಾರ್ಡರ್ 1992ರಲ್ಲಿ ಒಮ್ಮೆ ಕೆಟ್ಟಿತ್ತು. ರಿಪೇರಿಯವರು ಮೋಟಾರ್ ಬದಲಾಯಿಸಿಕೊಟ್ಟರು. ಅವತ್ತು ಸಾಯಂಕಾಲವೇ ಅಪ್ಪ ಚೌಡಯ್ಯನವರ ಕ್ಯಾಸೆಟ್ ಹಾಕಿ, ಎರಡು ನಿಮಿಷ ಕೇಳಿ, ಆರಿಸಿಬಿಟ್ಟರು. "ಶ್ರುತಿ ಏರಿದೆ. ಮೋಟಾರ್ ಜಾಸ್ತಿ ಓಡ್ತಿದೆ" ಅಂದರು. ನನಗೇನೂ ಗೊತ್ತಾಗಲಿಲ್ಲ. ಅಪ್ಪ ಎಲ್ಲದಕ್ಕೂ ಒಂದು ಕೊಂಕು ತೆಗೀತಾರೆ ಅಂತ ನಾನು, ಅಮ್ಮ ಇಬ್ಬರೂ ನಕ್ಕೆವು. ರಿಪೇರಿಯವರ ಹತ್ತಿರ ಮತ್ತೆ ತಗೊಂಡು ಹೋದಾಗ ಅವರೂ ನಕ್ಕರಂತೆ. "ಸಾರ್, ಚೆನ್ನಾಗೇ ಹಾಡ್ತಿದೆಯಲ್ಲ." ಅಪ್ಪ ಅದಾದ ಮೇಲೆ ಆ ಕ್ಯಾಸೆಟ್ ಮುಟ್ಟಲಿಲ್ಲ. ಮುಟ್ಟದೆ ಬೀರುವಿನಲ್ಲಿ ಬಿದ್ದಿದ್ದರಿಂದಲೇ ಅದು ನನ್ನ ಕೈಗೆ ಸಿಕ್ಕಿದ್ದು.

ಗೆಳೆಯನ ಅಣ್ಣ ತನ್ನ ಡೆಕ್ಕಿನಲ್ಲಿ ಸರಿಯಾಗಿ ತುಂಬಿಕೊಟ್ಟಿದ್ದ. ನಾನು ಅದನ್ನು ವರ್ಷಗಟ್ಟಲೆ ಕೇಳಿದ್ದು ನಮ್ಮ ಮನೆಯ ಓಡುವ ಮೋಟಾರಿನಲ್ಲಿ.

ಸಿಡಿ ಕೇಳಿದ ಮರುದಿನ ಹಳೇ ಡೈರಿಯೊಂದರಲ್ಲಿ ಆ ಕ್ಯಾಸೆಟ್ಟಿನ ಕಾಗದದ ಕಾರ್ಡು ಸಿಕ್ಕಿತು. ಆಗ ನನಗೆ ಹೊಸದಾಗಿ ಬಂದಿದ್ದ ಡಿಜಿಟಲ್ ವಾಚಿನಿಂದ ಎಲ್ಲವನ್ನೂ ಅಳೆಯುವ ಹುಚ್ಚು. ಹಸಿರು ಇಂಕಿನಲ್ಲಿ 'ಡ್ರೀಮ್' ಪಕ್ಕ 20.10 ಅಂತ ಬರೆದಿದ್ದೆ. ಸಿಡಿ ಪ್ಲೇಯರ್ ತೋರಿಸುತ್ತಿರೋದು 21.24. ಕ್ಯಾಲ್ಕುಲೇಟರ್ ತಗೊಂಡು ಲೆಕ್ಕ ಹಾಕಿದೆ. 1284 ಸೆಕೆಂಡ್, 1210 ಸೆಕೆಂಡ್. ನೂರಕ್ಕೆ ಆರರಷ್ಟು ಜಾಸ್ತಿ ಓಟ. ಸಂಗೀತದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಸರಿಯಾಗಿ ಅರ್ಧ ಸ್ವರ.

ಮೂವತ್ತು ವರ್ಷ ನಾನು ತಲೆಯೊಳಗೆ ಹೊತ್ತು ತಿರುಗಿದ 'ಡ್ರೀಮ್' ಆ ಪಾರ್ಕಿನಲ್ಲಿ ಯಾರೂ ಕೇಳಿದ್ದಲ್ಲ. ಅದು ನಮ್ಮ ಸರಸ್ವತಿಪುರಂ ಮನೆಯ ಮೋಟಾರು ನುಡಿಸಿದ್ದು. ಕಾಬಮ್‌ನ ವೇಗ ನೋಡಿ ಮನುಷ್ಯನಾ ರಾಕ್ಷಸನಾ ಅಂತ ಬೆರಗಾಗಿದ್ದೆನಲ್ಲ, ಅದರಲ್ಲಿ ನೂರಕ್ಕೆ ಆರು ಪಾಲು ರಿಪೇರಿಯವರದು. ಉಳಿದ ತೊಂಬತ್ತನಾಲ್ಕೂ ರಾಕ್ಷಸನದೇ, ಅದರಲ್ಲಿ ಅನುಮಾನ ಇಲ್ಲ.

ಭಾನುವಾರ ಅಪ್ಪನ ರೂಮಿಗೆ ಸಿಡಿ ಪ್ಲೇಯರ್ ತಗೊಂಡು ಹೋದೆ. ಅಪ್ಪನಿಗೆ ಈಗ ಎಂಬತ್ತನಾಲ್ಕು. ಎಡಗಿವಿ ಮಂದ. ಬಲಗಿವಿ ಕಡೆ ಸ್ಪೀಕರ್ ಇಟ್ಟೆ. "ಅಪ್ಪ, ನೀವು ಅವತ್ತು ಹೇಳಿದ್ದು ಸರಿ. ಆ ಮೋಟಾರ್ ಓಡ್ತಿತ್ತು" ಅಂದೆ. ಯಾವ ಮೋಟಾರು ಅಂತ ಅವರು ಕೇಳಲಿಲ್ಲ.

"ನಾನು ಹೇಳಿದ್ದೆನಲ್ಲ" ಅಂದರು.

'ಟ್ರಿಲಜಿ' ಹಾಕಿದೆ. ಕೈ ತೊಡೆ ಮೇಲೆ ತಾಳ ಹುಡುಕಿತು. ಒಂದೆರಡು ಸಲ ತಪ್ಪಿತು, ಆಮೇಲೆ ಬಿಟ್ಟುಬಿಟ್ಟರು. ನಡುವಿನ ಭಾಗ ಬಂದು ಪಿಟೀಲು ಒಂದೇ ಉಳಿದಾಗ ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಅಂದುಕೊಂಡೆ. "ಗಟ್ಟಿ ಕಮಾನು" ಅಂದರು, ಕಣ್ಣು ತೆರೆಯದೆ. ಡ್ರಮ್ಸ್ ಜೋರಾದಾಗ ಕೈ ಎತ್ತಿ ಸಾಕು ಅಂತ ಸನ್ನೆ ಮಾಡಿದರು. ನಿಲ್ಲಿಸಿದೆ.

ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಸರಿ, ಈಗ ಆ ಕಡೆ ಮಗ್ಗುಲು ಹಾಕು" ಅಂದರು.

ಸಿಡಿಗೆ ಆ ಕಡೆ ಮಗ್ಗುಲು ಇರಲ್ಲ ಅಪ್ಪ ಅಂತ ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಚೌಡಯ್ಯನವರ ಮಗ್ಗುಲನ್ನು ಅವರು 1992ರ ಮೇಲೆ ಕೇಳಿಲ್ಲ. ಕ್ಯಾಸೆಟ್ ಅಟ್ಟದ ಮೇಲೆ ರಟ್ಟಿನ ಡಬ್ಬದಲ್ಲಿ ಇರಬೇಕು. ಅದನ್ನು ಸರಿಯಾದ ವೇಗದಲ್ಲಿ ಓಡಿಸೋ ಯಂತ್ರ ಮನೆಯಲ್ಲಿಲ್ಲ, ಯಾರ ಹತ್ತಿರ ಇದೆ ಅಂತ ಕೇಳಬೇಕು. ಅಡುಗೆಮನೆಯಿಂದ ಸ್ಟೂಲ್ ತಂದೆ.